‘ಸಿಕ್ಸ್ ಸೆವೆನ್’ ಅಂದ್ರೆ ಏನು? ಮಕ್ಕಳ ಬಾಯಿಯ ಹೊಸ ಪದಗಳಿಗೂ ಒಂದೊಂದು ಊರಿದೆ

ಪ್ರಶ್ನೆ: ನಮ್ಮ ಮನೆ ದಾವಣಗೆರೆಯಲ್ಲಿದೆ. ಮಗ ಒಂಬತ್ತನೇ ಕ್ಲಾಸು, ಮಗಳು ಸೆಕೆಂಡ್ ಪಿಯು. ಇತ್ತೀಚೆಗೆ ಇಬ್ಬರ ಮಾತೂ ನನಗೆ ಅರ್ಥ ಆಗ್ತಿಲ್ಲ. ಮಗ ಮಾತೆತ್ತಿದರೆ ‘ಸಿಕ್ಸ್ ಸೆವೆನ್’ ಅಂತ ಕೈ ಆಡಿಸ್ತಾನೆ. ‘ನೋ ಕ್ಯಾಪ್’, ‘ರಿಜ್’, ‘ಸಿಗ್ಮಾ’ ಅಂತಾನೆ. ಮಗಳು ‘ಸ್ಲೇ’, ‘ಸ್ಟ್ಯಾನ್’, ‘ಡೆಲುಲು’ ಅಂತಾಳೆ. ಏನದು ಅಂದರೆ ‘ನಿಂಗೆ ಗೊತ್ತಾಗಲ್ಲ ಬಿಡಮ್ಮ’ ಅಂತ ಹೋಗಿಬಿಡ್ತಾರೆ. ಇವೆಲ್ಲ ಕೆಟ್ಟ ಮಾತುಗಳಾ? ಇದರಿಂದ ಕನ್ನಡ ಹಾಳಾಗಲ್ವಾ? ನಿಲ್ಲಿಸಬೇಕಾ, ಸುಮ್ನಿರಬೇಕಾ? ಇನ್ನೊಂದು ವಿಷಯ. ಮಗಳು ತನ್ನ ಫೋನಿನಲ್ಲಿ ನನ್ನ ಹೆಸರನ್ನು ‘ಪೂಕಿ ಅಮ್ಮ’ ಅಂತ ಸೇವ್ ಮಾಡಿಕೊಂಡಿದ್ದಾಳೆ. ಅದೇನು ಅಂತ ಅವಳನ್ನ ಕೇಳೋಕೂ ಮುಜುಗರ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಕ್ಕಳ ಮಾತು ಅರ್ಥವಾಗಲಿಲ್ಲ ಅಂತ ಬೈಯುವವರು ಜಾಸ್ತಿ. ಅದೇನು ಅಂತ ಕೂತು ಕೇಳುವವರು ಕಡಿಮೆ. ನೀವು ಕೇಳಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಆತಂಕಕ್ಕೆ ನೇರ ಉತ್ತರ. ನಿಮ್ಮ ಪಟ್ಟಿಯಲ್ಲಿ ಬೈಗುಳ ಒಂದೂ ಇಲ್ಲ. ಎಲ್ಲದರ ಬಗ್ಗೆಯೂ ನಿಶ್ಚಿಂತೆಯಾಗಿರಿ, ‘ಸಿಗ್ಮಾ’ ಒಂದನ್ನು ಬಿಟ್ಟು. ಅದರ ಮೇಲೆ ಸ್ವಲ್ಪ ಕಣ್ಣಿರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇವು ಮಕ್ಕಳು ಸುಮ್ನೆ ಕಟ್ಟಿದ ಪದಗಳಲ್ಲ. ಒಂದೊಂದಕ್ಕೂ ಒಂದು ಊರಿದೆ, ಒಂದು ಓಣಿ ಇದೆ. ಅಲ್ಲಿ ಯಾರೋ ಯಾರಿಗೋ ಮೊದಲ ಸಲ ಅದನ್ನು ಹೇಳಿದ್ದರು. ಬಹಳಷ್ಟು ಪದಗಳು ಅಮೆರಿಕದ ಕಪ್ಪು ಜನರ ಕೇರಿಗಳಲ್ಲಿ, ಅವರ ಹಾಡು ಕುಣಿತದ ಜಾಗಗಳಲ್ಲಿ ಹುಟ್ಟಿದವು. ಅಲ್ಲಿಂದ ಫೋನಿಗೆ ಬಂದವು, ಫೋನಿನಿಂದ ನಿಮ್ಮ ಮನೆಗೆ. ದಾರಿಯಲ್ಲಿ ಊರಿನ ಹೆಸರು ಉದುರಿಹೋಯಿತು. ಆ ಊರನ್ನು ಹುಡುಕಿಕೊಂಡರೆ ಅರ್ಥ ತಾನಾಗಿ ಸಿಗುತ್ತದೆ. ಯಾವ ಪದಕ್ಕೆ ನಗಬಹುದು, ಯಾವುದಕ್ಕೆ ಹುಷಾರಾಗಬೇಕು ಅನ್ನೋದೂ ಗೊತ್ತಾಗುತ್ತದೆ.

ನಿಮ್ಮ ಮಗನ ‘ಸಿಕ್ಸ್ ಸೆವೆನ್’ನಿಂದಲೇ ಶುರು ಮಾಡೋಣ. ಇದಕ್ಕೆ ಅರ್ಥವೇ ಇಲ್ಲ. ನಿಮಗೆ ತಿಳಿಯದೆ ಹೋದದ್ದು ನಿಮ್ಮ ತಪ್ಪಲ್ಲ. ಅಮೆರಿಕದ ಫಿಲಡೆಲ್ಫಿಯಾದ ಸ್ಕ್ರಿಲ್ಲಾ ಅನ್ನೋ, ತಾಳಕ್ಕೆ ಸರಿಯಾಗಿ ಸಾಲುಗಳನ್ನು ಮಾತಿನ ಹಾಗೆ ಹಾಡುವ ರ‍್ಯಾಪರ್‌ನ ಒಂದು ಹಾಡಿನಲ್ಲಿ ಈ ಎರಡು ಅಂಕಿಗಳು ಬರುತ್ತವೆ. ಆ ತುಣುಕನ್ನು ಬಾಸ್ಕೆಟ್‌ಬಾಲ್ ಆಟಗಾರ ಲಮೆಲೊ ಬಾಲ್‌ನ ವಿಡಿಯೊಗಳಿಗೆ ಅಂಟಿಸಿದರು. ಅವನ ಎತ್ತರ ಆರು ಅಡಿ ಏಳು ಇಂಚು. ಅಲ್ಲಿಂದ ಶಾಲೆಗಳಿಗೆ ಹರಡಿತು. ಎರಡೂ ಅಂಗೈ ಮೇಲೆ ಮಾಡಿ, ತಕ್ಕಡಿ ತೂಗಿದ ಹಾಗೆ ಮೇಲೆ ಕೆಳಗೆ ಆಡಿಸುತ್ತಾ ‘ಸಿಕ್ಸ್ ಸೆವೆನ್’ ಅನ್ನೋದು. ಅಷ್ಟೇ. ಡಿಕ್ಷನರಿ ಡಾಟ್ ಕಾಮ್ 2025ರ ವರ್ಷದ ಪದವಾಗಿ ಆರಿಸಿದ್ದು ಇದನ್ನೇ.

ಅರ್ಥ ಇಲ್ಲದ ಪದವನ್ನು ಮಕ್ಕಳು ಯಾಕೆ ಹೇಳುತ್ತಾರೆ? ನಾವು ಚಿಕ್ಕವರಿದ್ದಾಗ ‘ಕ’ ಭಾಷೆ ಆಡುತ್ತಿದ್ದೆವಲ್ಲ, ಪ್ರತಿ ಅಕ್ಷರದ ಮುಂದೆ ಒಂದು ‘ಕ’ ಸೇರಿಸಿ? ದೊಡ್ಡವರಿಗೆ ತಿಳಿಯಬಾರದು, ನಮ್ಮ ಗುಂಪಿಗೆ ತಿಳಿಯಬೇಕು. ಇದೂ ಅದೇ ಜಾತಿಯ ಆಟ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ 67 ಅಂತ ಬರೆದರೆ ಇಡೀ ಕ್ಲಾಸು ‘ಹೋ’ ಅನ್ನುತ್ತದೆ. ಆ ‘ಹೋ’ದಲ್ಲಿ ನಾನೂ ಇದ್ದೇನೆ ಅನ್ನೋದೇ ಅದರ ಖುಷಿ. ದೊಡ್ಡವರು ಕಲಿತ ದಿನ ಅದರ ರುಚಿ ಹೋಗುತ್ತದೆ. ಆಮೇಲೆ ಇನ್ನೊಂದು ಬರುತ್ತದೆ.

‘ನೋ ಕ್ಯಾಪ್’ ಹಾಗಲ್ಲ. ಅದಕ್ಕೆ ಗಟ್ಟಿ ಅರ್ಥವಿದೆ. ‘ಕ್ಯಾಪ್’ ಅಂದರೆ ಸುಳ್ಳು, ಬಡಾಯಿ. ‘ನೋ ಕ್ಯಾಪ್’ ಅಂದರೆ ‘ಓಳಲ್ಲ, ನಿಜ’. ಕಪ್ಪು ಅಮೆರಿಕನ್ ಹುಡುಗರು ಮಾತಿನಲ್ಲೇ ಒಬ್ಬರನ್ನೊಬ್ಬರು ಮೀರಿಸುವ ಪಂದ್ಯಗಳಲ್ಲಿ ಈ ಪದ ಬಹಳ ಹಿಂದಿನಿಂದ ಇತ್ತು. 2010ರ ದಶಕದಲ್ಲಿ ಅಟ್ಲಾಂಟಾ ನಗರದ ರ‍್ಯಾಪರ್‌ಗಳು ಅದನ್ನು ಲೋಕಕ್ಕೆಲ್ಲ ಹರಡಿದರು. ಈಗ ಸುಳ್ಳು ಹೇಳಿದವನ ಪೋಸ್ಟಿನ ಕೆಳಗೆ ನೀಲಿ ಟೋಪಿಯ ಚಿತ್ರ ಹಾಕುತ್ತಾರೆ. ನನಗೆ ಇದನ್ನು ನೋಡಿದಾಗಲೆಲ್ಲ ನಮ್ಮ ‘ಟೋಪಿ ಹಾಕೋದು’ ನೆನಪಾಗುತ್ತದೆ. ಎರಡಕ್ಕೂ ಸಂಬಂಧವಿಲ್ಲ, ಆದರೆ ಎಷ್ಟು ಹತ್ತಿರ ಬಂದಿವೆ ನೋಡಿ. ಸುಳ್ಳಿಗೆ ನಮ್ಮಲ್ಲೇನು ಪದಗಳು ಕಡಿಮೆಯೇ? ಬುರುಡೆ ಬಿಡೋದು, ಕಾಗೆ ಹಾರಿಸೋದು, ಓಳು ಬಿಡೋದು, ರೀಲು ಬಿಡೋದು. ನಿಮ್ಮ ಮಗ ‘ನೋ ಕ್ಯಾಪ್’ ಅಂದಾಗ ‘ಕಾಗೆ ಹಾರಿಸ್ತಿಲ್ಲ ತಾನೇ?’ ಅಂತ ಒಂದು ಸಲ ಕೇಳಿ. ನಿಮಗೆ ಅರ್ಥ ಆಗಿದೆ ಅಂತ ಅವನಿಗೆ ಆ ಕ್ಷಣವೇ ಗೊತ್ತಾಗುತ್ತದೆ.

ಈ ಪದಗಳ ತವರನ್ನು ಸ್ವಲ್ಪ ಹತ್ತಿರದಿಂದ ತೋರಿಸಬೇಕು. ನ್ಯೂಯಾರ್ಕ್ ನಗರದ ಬ್ರಾಂಕ್ಸ್. 1520, ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ದೊಡ್ಡ ಅಪಾರ್ಟ್‌ಮೆಂಟು. 1973ರ ಆಗಸ್ಟ್ 11ರ ರಾತ್ರಿ ಅದರ ಸಮುದಾಯ ಕೋಣೆಯಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿ ಒಂದು ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟ್. ಹಾಡು ಹಾಕಿದವನು ಅವಳ ಅಣ್ಣ ಕ್ಲೈವ್. ಜಮೈಕಾದಿಂದ ಬಂದ ಮನೆಯ ಹುಡುಗ. ಎಲ್ಲರೂ ಅವನನ್ನು ಡಿಜೆ ಕೂಲ್ ಹರ್ಕ್ ಅನ್ನುತ್ತಿದ್ದರು. ಹಾಡಿನ ನಡುವೆ ಗಾಯಕ ಸುಮ್ಮನಾಗಿ ಬರೀ ಡ್ರಮ್ ಕೇಳುವ ಒಂದು ಸಣ್ಣ ಜಾಗ ಬರುತ್ತದಲ್ಲ, ಜನ ಹುಚ್ಚೆದ್ದು ಕುಣಿಯುವುದು ಅಲ್ಲೇ ಅಂತ ಅವನು ಗಮನಿಸಿದ್ದ. ಆ ಜಾಗಕ್ಕೆ ‘ಬ್ರೇಕ್’ ಅನ್ನುತ್ತಾರೆ. ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದ ಹಾಗೆ ಇನ್ನೊಂದರಲ್ಲಿ ಶುರು ಮಾಡಿ, ಆ ಕೆಲವು ಸೆಕೆಂಡುಗಳನ್ನು ನಿಮಿಷಗಟ್ಟಲೆ ಎಳೆಯುವ ವಿದ್ಯೆಯನ್ನು ಅವನು ಬೆಳೆಸಿದ. ಹಿಪ್‌ಹಾಪ್ ಹುಟ್ಟಿದ ದಿನ ಅಂತ ಜನ ಆಚರಿಸುವುದು ಆ ರಾತ್ರಿಯನ್ನೇ. ಈ ರ‍್ಯಾಪ್ ಹಾಡು, ಕುಣಿತ ಎಲ್ಲ ಸೇರಿದ್ದೇ ಹಿಪ್‌ಹಾಪ್. ನಮ್ಮ ಹುಡುಗರು ಹೇಳುವ ‘ಬ್ರೇಕ್ ಡ್ಯಾನ್ಸ್’ನ ಬ್ರೇಕ್ ಇದೇ. ಏನನ್ನೋ ಮುರಿಯುವುದಲ್ಲ.

ಹಿಪ್‌ಹಾಪ್‌ನಿಂದ ಬಂದ ಇನ್ನೊಂದು ಪದ ‘ಸೈಫರ್’. ಇದು ನನಗೆ ತುಂಬ ಇಷ್ಟದ್ದು. ಬೆಂಗಳೂರಿನ ಒಂದು ಪಾರ್ಕಿನಲ್ಲಿ ಭಾನುವಾರ ಸಂಜೆ ನಿಂತು ನೋಡಿದ್ದೇನೆ. ಹತ್ತು ಹನ್ನೆರಡು ಹುಡುಗರು ಸುತ್ತ ನಿಂತಿದ್ದರು. ಒಬ್ಬ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಬಾಯಲ್ಲೇ ತಾಳ ಹಾಕುತ್ತಿದ್ದ. ಇನ್ನೊಬ್ಬ ಅಲ್ಲೇ ಕಟ್ಟಿದ ಸಾಲುಗಳನ್ನು ಕನ್ನಡದಲ್ಲಿ ಎಸೆಯುತ್ತಿದ್ದ. ಪ್ರಾಸ ಚೆನ್ನಾಗಿ ಕೂತಾಗ ಸುತ್ತ ನಿಂತವರು ಎದೆಗೆ ಏಟು ಬಿದ್ದವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ‘ಓಓ’ ಅನ್ನುತ್ತಿದ್ದರು. ‘ಬೆಂಕಿ ಮಗಾ!’ ಅಂತ ಒಬ್ಬ ಕೂಗಿದ. ಮುಗಿಸಿದವನು ಪಕ್ಕದವನ ಕಡೆ ಕೈ ಚಾಚಿದ, ಸರದಿ ದಾಟಿತು. ಆ ಸುತ್ತಿನಲ್ಲಿ ಒಬ್ಬ ಹುಡುಗ ತೊದಲಿದ. ಯಾರೂ ನಗಲಿಲ್ಲ. ತಾಳ ಹಾಕುವವನು ನಿಧಾನ ಮಾಡಿ ಅವನಿಗಾಗಿ ಕಾದ. ನಮ್ಮ ಲಾವಣಿಯವರ ಸವಾಲ್ ಜವಾಬ್ ನೋಡಿದವರಿಗೆ ಇದು ಹೊಸದು ಅನ್ನಿಸುವುದಿಲ್ಲ.

ಈ ಸುತ್ತಿನ ಹೆಸರೇ ಸೈಫರ್. 1964ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಶುರುವಾದ ‘ಫೈವ್ ಪರ್ಸೆಂಟರ್ಸ್’ ಅನ್ನೋ ಕಪ್ಪು ಜನರ ಪಂಥವೊಂದಿದೆ. ಅವರು ಅಂಕಿ ಅಕ್ಷರಗಳಿಗೆಲ್ಲ ಒಳ ಅರ್ಥ ಹೇಳುತ್ತಿದ್ದರು. ಸೊನ್ನೆ ಅಂದರೆ ಪೂರ್ಣ ವೃತ್ತ. ಸುತ್ತ ನಿಂತು ಮಾತಾಡುವ ಗುಂಪೂ ಒಂದು ಸೊನ್ನೆ. ನ್ಯೂಯಾರ್ಕಿನ ಅನೇಕ ರ‍್ಯಾಪರ್‌ಗಳು ಈ ಪಂಥದ ಮಾತು ಕೇಳಿ ಬೆಳೆದವರು, ಪದ ಅವರ ಜೊತೆ ಹಾಡಿಗೆ ಬಂತು. ಅದಕ್ಕೂ ಹಿಂದೆ ಹೋಗಿ. ಸೈಫರ್ ಪದದ ಮೂಲ ಅರಬ್ಬಿಯ ‘ಸಿಫ್ರ್’, ಅಂದರೆ ಖಾಲಿ. ನಮ್ಮ ದೇಶದ ‘ಶೂನ್ಯ’ವನ್ನು ಅರಬರು ತಮ್ಮ ಮಾತಿಗೆ ತಂದುಕೊಂಡದ್ದು ಹಾಗೆ. ಅದೇ ಶೂನ್ಯ ಕನ್ನಡದಲ್ಲಿ ‘ಸೊನ್ನೆ’ ಆಯಿತು. ಪಾರ್ಕಿನಲ್ಲಿ ನಿಂತ ಆ ಹುಡುಗರ ಬಾಯಲ್ಲಿ ಸೊನ್ನೆ ಅರೇಬಿಯಾ, ಯುರೋಪು, ಹಾರ್ಲೆಮ್ ಎಲ್ಲ ಸುತ್ತಿ ಮನೆಗೆ ಬಂದಿತ್ತು.

ಬೆಂಗಳೂರಿನ ಹುಡುಗರು ಬರೀ ಎರವಲು ತಂದು ಸುಮ್ಮನಾದವರಲ್ಲ. ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್ ಮೊದಲಾದ ರ‍್ಯಾಪರ್‌ಗಳು ಇದ್ದ ಒಂದು ಗುಂಪಿತ್ತು. ಅದರ ಹೆಸರು ‘ಮಚಾಸ್ ವಿತ್ ಆ್ಯಟಿಟ್ಯೂಡ್’. ಲಾಸ್ ಏಂಜಲಿಸ್ ಕಡೆಯ ಎನ್.ಡಬ್ಲ್ಯೂ.ಎ. ಅನ್ನೋ ಪ್ರಸಿದ್ಧ ಗುಂಪಿನ ಹೆಸರನ್ನೇ ತಿರುಗಿಸಿ ಇಟ್ಟದ್ದು. ಆ ಗುಂಪು ತನ್ನ ಹೆಸರಿನಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಬೈಗುಳವೊಂದನ್ನು ತಾನೇ ಎತ್ತಿ ಧರಿಸಿತ್ತು. ಅದನ್ನು ಹೇಳುವ ಹಕ್ಕು ತಮ್ಮದಲ್ಲ ಅಂತ ಈ ಹುಡುಗರಿಗೆ ಗೊತ್ತಿತ್ತೋ ಏನೋ, ಆ ಜಾಗದಲ್ಲಿ ನಮ್ಮ ‘ಮಚ್ಚಾ’ ಕೂತಿತು. ಮಚ್ಚಾ ತಮಿಳಿನ ‘ಮಚ್ಚಾನ್’, ಅಂದರೆ ಭಾವ ಮೈದುನ. ಬೆಂಗಳೂರಿನ ಓಣಿಗಳಲ್ಲಿ ಅದು ಗೆಳೆಯ ಆಯಿತು. ಪದವನ್ನು ಹೀಗೆ ತಮ್ಮ ಊರಿಗೆ ಒಗ್ಗಿಸಿಕೊಂಡವರನ್ನು ಕಂಡರೆ ನನಗೆ ಗೌರವ.

‘ರಿಜ್’ ಕೂಡ ಬ್ರಾಂಕ್ಸ್ ಕಡೆಯದೇ. ಅಲ್ಲಿ ಬೆಳೆದ ಕೈ ಸೆನಾಟ್ ಅನ್ನೋ ಹುಡುಗ ಇಂಟರ್ನೆಟ್‌ನಲ್ಲಿ ಗಂಟೆಗಟ್ಟಲೆ ಲೈವ್ ಬರುತ್ತಾನೆ. ಅವನೂ ಅವನ ಗೆಳೆಯರೂ ಆಡುತ್ತಿದ್ದ ಪದ ಇದು. ‘ಕರಿಜ್ಮಾ’, ಅಂದರೆ ಜನರನ್ನು ಸೆಳೆಯುವ ಗುಣ, ಆ ಪದದ ನಡುವಿನ ತುಂಡು. ಮಾತಿನಲ್ಲೇ ಹುಡುಗಿಯ ಮನಸ್ಸು ಗೆಲ್ಲುವ ಕಲೆ. ನಮ್ಮ ‘ಕಾಳು ಹಾಕೋದು’ ಇದೆಯಲ್ಲ, ಅದು ಪ್ರಯತ್ನ. ಹಾಕಿದ ಕಾಳಿಗೆ ಹಕ್ಕಿ ಬಂದರೆ ಅವನಿಗೆ ರಿಜ್ ಇದೆ ಅಂತ ಅರ್ಥ. ಆಕ್ಸ್‌ಫರ್ಡ್‌ನವರು 2023ರ ವರ್ಷದ ಪದ ಅಂತ ಇದನ್ನು ಆರಿಸಿದರು. ಮಗ ಒಂಬತ್ತನೇ ಕ್ಲಾಸಲ್ವಾ, ಈ ವಿಷಯ ಈ ವಯಸ್ಸಿನಲ್ಲಿ ತಲೆಗೆ ಬರುವುದೇ.

ಇನ್ನು ಮಗಳ ‘ಸ್ಲೇ’. ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ. ಸ್ಲೇ ಅಂದರೆ ಮೂಲದಲ್ಲಿ ಕೊಲ್ಲು. ಈಗಿನ ಅರ್ಥ, ಭರ್ಜರಿಯಾಗಿ ಮಾಡಿ ತೋರಿಸು. ಹೊಸ ಸೀರೆ ಉಟ್ಟು ಬಂದ ಗೆಳತಿಗೆ ‘ಸ್ಲೇ!’ ಅನ್ನುತ್ತಾರೆ. ಇದು ಹುಟ್ಟಿದ್ದು ನ್ಯೂಯಾರ್ಕಿನ ‘ಬಾಲ್‌ರೂಮ್’ಗಳಲ್ಲಿ. ಕಪ್ಪು ಮತ್ತು ಲ್ಯಾಟಿನೊ ಸಮುದಾಯದ ಸಲಿಂಗಿ ಹುಡುಗರು, ಟ್ರಾನ್ಸ್ ಹೆಣ್ಣುಮಕ್ಕಳು ರಾತ್ರಿ ಒಂದು ಹಾಲಿನಲ್ಲಿ ಸೇರುತ್ತಿದ್ದರು. ವೇಷ ಹಾಕಿ, ನಡೆದು, ಕುಣಿದು ಪಂದ್ಯ ಕಟ್ಟುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಮನೆಯಿಂದ ಹೊರಹಾಕಿಸಿಕೊಂಡವರು. ಹಾಗಾಗಿ ತಮಗೆ ತಾವೇ ‘ಹೌಸ್’ ಅಂತ ಮನೆ ಕಟ್ಟಿಕೊಂಡರು. ಹಿರಿಯಳೊಬ್ಬಳು ಆ ಮನೆಯ ‘ಮದರ್’. ಹಸಿದು ಬಂದ ಹುಡುಗನಿಗೆ ಊಟ, ಮಲಗೋಕೆ ಜಾಗ, ಕರೆಯೋಕೆ ಒಂದು ಮನೆತನದ ಹೆಸರು ಅಲ್ಲಿ ಸಿಗುತ್ತಿತ್ತು. ‘ಸ್ಲೇ’, ‘ಯಾಸ್ ಕ್ವೀನ್’, ‘ಶೇಡ್’, ‘ರೀಡ್’ ಮೊದಲಾದವು ಆ ಮನೆಗಳ ಮಾತು. 1990ರಲ್ಲಿ ಜೆನ್ನಿ ಲಿವಿಂಗ್‌ಸ್ಟನ್ ಮಾಡಿದ ‘ಪ್ಯಾರಿಸ್ ಈಸ್ ಬರ್ನಿಂಗ್’ ಅನ್ನೋ ಸಾಕ್ಷ್ಯಚಿತ್ರದಲ್ಲಿ ಡೋರಿಯನ್ ಕೋರಿ ಅನ್ನೋ ಹಿರಿಯ ಕಲಾವಿದೆ ಕನ್ನಡಿ ಮುಂದೆ ಮೇಕಪ್ ಮಾಡಿಕೊಳ್ಳುತ್ತಾ ‘ರೀಡ್’ಗೂ ‘ಶೇಡ್’ಗೂ ವ್ಯತ್ಯಾಸ ಹೇಳುತ್ತಾಳೆ. ಕೊರತೆಯನ್ನು ಎತ್ತಿ ಆಡುವುದು ರೀಡ್. ಬಾಯಿಬಿಟ್ಟು ಏನೂ ಅನ್ನದೆ ಎದುರಿನವರಿಗೆ ನಾಟಿಸುವುದು ಶೇಡ್. ನಮ್ಮ ಅತ್ತಿಗೆ ನಾದಿನಿಯರ ಮೂದಲಿಕೆ ಗೊತ್ತಿದ್ದವರಿಗೆ ಈ ಪಾಠ ಬೇರೆ ಬೇಕಿಲ್ಲ.

ಆ ಮನೆಗಳಿಂದ ಪಾಪ್ ಹಾಡಿಗೆ, ಟಿವಿ ಶೋಗಳಿಗೆ, 2016ರಲ್ಲಿ ಗಾಯಕಿ ಬಿಯಾನ್ಸೆಯ ‘ಫಾರ್ಮೇಶನ್’ ಹಾಡಿನ ಮೂಲಕ ಊರೂರಿಗೆ. ಈಗ ಲಿಪ್‌ಸ್ಟಿಕ್ ಜಾಹೀರಾತಿನಲ್ಲೂ ಸ್ಲೇ ಇದೆ. ಪದ ತಲುಪಿತು, ಅದನ್ನು ಕಟ್ಟಿದವರ ಕಷ್ಟ ತಲುಪಲಿಲ್ಲ. ನಿಮ್ಮ ಮಗಳಿಗೆ ಈ ಕಥೆ ಗೊತ್ತಿರಲಿಕ್ಕಿಲ್ಲ. ನೀವೇ ಹೇಳಿ. ಸ್ಲೇ ಅನ್ನುವ ಬಾಯಿ ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಟ್ರಾನ್ಸ್ ಮಹಿಳೆಯೊಬ್ಬರನ್ನು ಕಂಡು ನಗಬಾರದು. ಅದು ನನ್ನ ಆಸೆ.

ಇಂಟರ್ನೆಟ್ ಬಂದ ಮೇಲೆ ಈ ಅನ್ಯಾಯ ಇನ್ನೂ ಬೇಗ ಆಗುತ್ತದೆ. 2014ರ ಜೂನ್‌ನಲ್ಲಿ ಪೀಚಸ್ ಮನ್ರೋ ಅಂತ ಹೆಸರಿಟ್ಟುಕೊಂಡ 16 ವರ್ಷದ ಕಪ್ಪು ಹುಡುಗಿ ಕಾರಿನಲ್ಲಿ ಕೂತು ಆರು ಸೆಕೆಂಡಿನ ವಿಡಿಯೊ ಮಾಡಿದಳು. ಆಗ ‘ವೈನ್’ ಅನ್ನೋ ಆ್ಯಪ್ ಇತ್ತು, ಆರೇ ಸೆಕೆಂಡ್ ಅದರ ಮಿತಿ. ಹುಬ್ಬು ಚೆನ್ನಾಗಿ ತಿದ್ದಿಸಿಕೊಂಡ ಖುಷಿಯಲ್ಲಿ ಆಕೆ ಅದನ್ನು ‘ಆನ್ ಫ್ಲೀಕ್’ ಅಂದಳು. ಅಂದರೆ ಒಪ್ಪವಾಗಿ ಕೂತಿದೆ ಅಂತ. ಕೆಲವೇ ತಿಂಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳು ಅದೇ ಮಾತಿನಲ್ಲಿ ತಮ್ಮ ಸರಕು ಹೊಗಳಿಕೊಂಡವು. ಆ ಲಾಭದಲ್ಲಿ ಆಕೆಗೆ ಪಾಲು ಬರಲಿಲ್ಲ. ಹಾಡು ಬರೆದರೆ ಹಕ್ಕಿದೆ, ಚಿತ್ರ ಬರೆದರೆ ಹಕ್ಕಿದೆ. ಪದ ಹುಟ್ಟಿಸಿದವರಿಗೆ ಅಂಥ ಹಕ್ಕು ಇಲ್ಲ. ದುಡ್ಡು ಕೊಡೋಕೆ ನಮ್ಮ ಕೈಲಾಗದು. ಹೆಸರನ್ನಾದರೂ ನೆನಪಿಡಬಹುದಲ್ವಾ?

‘ಸ್ಟ್ಯಾನ್’ ಕಥೆ ಸುಲಭ. 2000ದಲ್ಲಿ ಬಂದ, ಅಮೆರಿಕದ ರ‍್ಯಾಪರ್ ಎಮಿನೆಮ್‌ನ ಹಾಡೊಂದರಲ್ಲಿ ಸ್ಟ್ಯಾನ್ ಅನ್ನೋ ಅಭಿಮಾನಿ ಬರುತ್ತಾನೆ. ಉತ್ತರ ಬಾರದ ಪತ್ರಗಳನ್ನು ಬರೆದೂ ಬರೆದೂ ಅವನ ಹುಚ್ಚು ಅತಿಯಾಗಿ, ದುರಂತದಲ್ಲಿ ಮುಗಿಯುತ್ತದೆ. ಅವನ ಹೆಸರೇ ಮೊದಲು ಬೈಗುಳವಾಯಿತು, ಆಮೇಲೆ ಬರೀ ‘ಕಟ್ಟಾ ಅಭಿಮಾನಿ’ ಆಯಿತು. ಈಗ ಹುಡುಗಿಯರು ಹೆಮ್ಮೆಯಿಂದ ‘ಐ ಸ್ಟ್ಯಾನ್’ ಅನ್ನುತ್ತಾರೆ. ನಮ್ಮ ‘ಅಭಿಮಾನಿ ದೇವರುಗಳು’ ಅನ್ನೋ ಮಾತಿನ ನಾಡಿನಲ್ಲಿ ಇದು ಅರ್ಥವಾಗದೇ ಇರೋಕೆ ಸಾಧ್ಯವಿಲ್ಲ.

‘ಡೆಲುಲು’ ಬಂದದ್ದು ಕೊರಿಯಾದ ಪಾಪ್ ಹಾಡಿನ ಅಭಿಮಾನಿಗಳಿಂದ. ‘ಡೆಲ್ಯೂಷನಲ್’ ಅನ್ನೋದನ್ನು ಮುದ್ದು ಮಾಡಿದ್ದು. ‘ಆ ಹಾಡುಗಾರ ನನ್ನನ್ನೇ ಮದುವೆ ಆಗ್ತಾನೆ’ ಅಂತ ಕನಸು ಕಾಣುವವಳು ಡೆಲುಲು. ಭ್ರಮೆ ಅಂತ ಅವಳಿಗೂ ಗೊತ್ತು, ಗೊತ್ತಿದ್ದೇ ಆಡುವ ಮಾತು. 2025ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಆಂಥೊನಿ ಆಲ್ಬನೀಸಿ ತಮ್ಮ ಸಂಸತ್ತಿನಲ್ಲೇ ಈ ಪದ ಬಳಸಿದರು. ಅದೇ ವರ್ಷ ಕೇಂಬ್ರಿಡ್ಜ್ ನಿಘಂಟು ಅದನ್ನು ಸೇರಿಸಿಕೊಂಡಿತು. ಮಗಳ ಬಾಯಲ್ಲಿ ‘ಬಯಾಸ್’ ಅನ್ನೋ ಪದ ಬಂದರೂ ಗಾಬರಿ ಬೇಡ. ತಾನು ಮೆಚ್ಚುವ ಕೊರಿಯನ್ ಹಾಡಿನ ತಂಡದಲ್ಲಿ ತನಗೆ ಎಲ್ಲರಿಗಿಂತ ಇಷ್ಟವಾದ ಹಾಡುಗಾರ ಅಂತ ಅರ್ಥ.

ಹಾಡಿನವರ ಪದ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 1920ರ ದಶಕದ ಜಾಜ್ ವಾದ್ಯದವರು ಒಂದು ರಾತ್ರಿಯ ಕಚೇರಿಗೆ ‘ಗಿಗ್’ ಅನ್ನುತ್ತಿದ್ದರು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಬಾರಿಸಿದ ರಾತ್ರಿಗೆ ಕಾಸು, ಬಾರಿಸದ ರಾತ್ರಿಗೆ ಇಲ್ಲ. 1938ರಲ್ಲಿ ಹಾರ್ಲೆಮ್‌ನ ಗಾಯಕ ಕ್ಯಾಬ್ ಕ್ಯಾಲೊವೇ ಜಾಜ್ ಜನರ ಆಡುಮಾತಿಗೇ ಒಂದು ಸಣ್ಣ ನಿಘಂಟು ಹೊರತಂದ. ಮರ್ಯಾದಸ್ಥರು ಆಗ ಅಂಥ ಮಾತನ್ನು ಮಾತು ಅಂತಲೇ ಎಣಿಸುತ್ತಿರಲಿಲ್ಲ. ಈಗ ನೋಡಿ. ಮಳೆಯಲ್ಲಿ ಬೈಕ್ ಓಡಿಸಿಕೊಂಡು ನಿಮ್ಮ ಮನೆಗೆ ಊಟ ತರುವ ಹುಡುಗ ‘ಗಿಗ್ ಕಾರ್ಮಿಕ’. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಒಂದು ಕಾಯ್ದೆಯನ್ನೇ ಮಾಡಿತು. ಜಾಜ್ ಓಣಿಯ ಪದ ವಿಧಾನಸೌಧದ ಕಾಗದದಲ್ಲಿ ಕೂತಿದೆ.

ಈಗ ‘ಸಿಗ್ಮಾ’. ಇದರ ಊರು ಹಾಡಿನದ್ದಲ್ಲ, ಕಹಿಯದ್ದು. ಗಂಡಸರನ್ನು ತೋಳಗಳ ಹಾಗೆ ಆಲ್ಫಾ, ಬೀಟಾ ಅಂತ ವಿಂಗಡಿಸುವ ಒಂದು ಯೋಚನೆ ಇಂಟರ್ನೆಟ್‌ನಲ್ಲಿ ಬಹಳ ಓಡಿತು. ಆಲ್ಫಾ ಅಂದರೆ ಎಲ್ಲರ ಮೇಲೆ ದರ್ಬಾರು ಮಾಡುವವನು. ತೋಳಗಳ ವಿಷಯದಲ್ಲೇ ಅದು ಸರಿಯಲ್ಲ. ಡೇವಿಡ್ ಮೆಕ್ ಅನ್ನೋ ವಿಜ್ಞಾನಿ 1970ರ ತಮ್ಮ ಪುಸ್ತಕದಲ್ಲಿ ಆಲ್ಫಾ ತೋಳದ ಮಾತನ್ನು ಪ್ರಚಾರ ಮಾಡಿದ್ದರು. ಆಮೇಲೆ ಕಾಡಿನಲ್ಲಿ ಅಧ್ಯಯನ ಮಾಡಿ, ತೋಳದ ಹಿಂಡು ಅಂದರೆ ಅಪ್ಪ ಅಮ್ಮ ಮತ್ತು ಅವರ ಮರಿಗಳ ಸಂಸಾರ ಅಂತ ಅವರೇ ತಿದ್ದಿಕೊಂಡರು. ಇಂಟರ್ನೆಟ್ ತಿದ್ದಿಕೊಳ್ಳಲಿಲ್ಲ. ಅಲ್ಲಿ 2010ರಲ್ಲಿ ಒಬ್ಬ ಅಮೆರಿಕನ್ ಬರಹಗಾರ ‘ಸಿಗ್ಮಾ’ ಅನ್ನೋ ಇನ್ನೊಂದು ಜಾತಿ ಸೇರಿಸಿದ. ಯಾರ ಹಂಗೂ ಇಲ್ಲದ ಒಂಟಿ ಸಲಗ.

ಇವತ್ತು ಸಣ್ಣ ಹುಡುಗರು ಸಿಗ್ಮಾ ಅಂದರೆ ‘ಸೂಪರ್’ ಅಂತಲೇ ಹೇಳುತ್ತಾರೆ. ನಿಮ್ಮ ಮಗನೂ ಹಾಗೇ ಹೇಳುತ್ತಿರಬಹುದು. ಹಾಗಿದ್ದರೆ ಅದು ಬರೀ ಆಟ. ಆದರೆ ಅದರ ಜೊತೆಗೆ ‘ರೆಡ್ ಪಿಲ್’, ‘ಬ್ಲ್ಯಾಕ್ ಪಿಲ್’ ಅನ್ನೋ ಪದಗಳು ಬಂದರೆ, ಹುಡುಗಿಯರೆಲ್ಲ ಮೋಸಗಾರ್ತಿಯರು ಅನ್ನೋ ಮಾತು ಬಂದರೆ, ಕನ್ನಡಿ ಮುಂದೆ ನಿಂತು ‘ನನ್ನ ದವಡೆ ಸರಿಯಿಲ್ಲ, ನನಗೆ ಭವಿಷ್ಯ ಇಲ್ಲ’ ಅಂದರೆ, ಆಗ ಸುಮ್ನಿರಬೇಡಿ. ಆ ಪದಗಳು ಹೆಣ್ಣಿನ ಮೇಲೆ ಹಗೆ ಸಾಧಿಸುವ ಗುಂಪುಗಳಲ್ಲಿ ಬೆಳೆದವು. ಅಲ್ಲಿ ಒಂಟಿ ಹುಡುಗರಿಗೆ ಮೊದಲು ಗೆಳೆತನ ಸಿಗುತ್ತದೆ, ಆಮೇಲೆ ವಿಷ. ಬೈದರೆ ಹುಡುಗ ಇನ್ನೂ ಒಳಗೆ ಹೋಗುತ್ತಾನೆ. ‘ಈ ವಿಡಿಯೊ ಯಾರದ್ದು? ನಂಗೂ ತೋರ್ಸು’ ಅಂತ ಪಕ್ಕದಲ್ಲಿ ಕೂತುಕೊಳ್ಳಿ.

ಇನ್ನೆರಡು ಪದ ನೆನಪಿಡಿ. ‘ಕೆವೈಎಸ್’ ಅಂದರೆ ‘ಹೋಗಿ ಸಾಯಿ’ ಅಂತ. ಆಟದ ಚಾಟ್‌ಗಳಲ್ಲಿ ಹುಡುಗರು ಸಲೀಸಾಗಿ ಎಸೆಯುತ್ತಾರೆ, ತಿಂದವರಿಗೆ ಅದು ಸಲೀಸಲ್ಲ. ಇನ್ನೊಂದು ‘ಅನ್‌ಅಲೈವ್’. ಸಾವು, ಆತ್ಮಹತ್ಯೆ ಅನ್ನೋ ಪದ ಬಳಸಿದರೆ ಆ್ಯಪ್‌ಗಳು ವಿಡಿಯೊ ಮುಚ್ಚುತ್ತವೆ ಅಂತ ಜನ ಕಂಡುಕೊಂಡ ಸುತ್ತು ದಾರಿ ಅದು. ಮಗು ತನ್ನ ಬಗ್ಗೆಯೇ ಈ ಪದ ಹೇಳಿದರೆ ತಮಾಷೆ ಅಂದುಕೊಳ್ಳಬೇಡಿ, ಆವತ್ತೇ ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಕನ್ನಡ ಹಾಳಾಗುತ್ತದಾ ಅಂತ ಕೇಳಿದಿರಿ. ನಿಮ್ಮ ಮಗಳು ಏನು ಹೇಳುತ್ತಾಳೆ ಅಂತ ಕಿವಿಗೊಟ್ಟು ಕೇಳಿ. ‘ಅವ್ಳು ಸ್ಲೇ ಮಾಡಿದ್ಲು’, ‘ಕ್ರಿಂಜ್ ಆಯ್ತು’, ‘ಅವ್ನ ಜೊತೆ ವೈಬ್ ಆಗ್ತಿಲ್ಲ’. ಹೊರಗಿನ ಪದ ಬಂದು ಕೂತಿದೆ. ‘ಮಾಡು’, ‘ಆಗು’ ಕನ್ನಡದ್ದೇ. ‘ಅವ್ಳು’ ಅಂದರೆ ‘ಮಾಡಿದ್ಲು’, ‘ಅವ್ನು’ ಅಂದರೆ ‘ಮಾಡಿದ’. ಎಂಥ ಪದ ಬಂದರೂ ಕನ್ನಡ ಅದರ ಮೂಗಿಗೆ ಒಂದು ದಾರ ಹಾಕಿ ತನ್ನ ಬಂಡಿಗೆ ಕಟ್ಟುತ್ತದೆ. ಹಿಂದೆಯೂ ಹೀಗೇ ಆಗಿದೆ. ‘ಸಖತ್ ಮಜಾ ಬಂತು’ ಅನ್ನೋದು ಅಪ್ಪಟ ಕನ್ನಡದ ಮಾತಲ್ವಾ? ಸಖತ್ ಪಾರ್ಸಿಯದ್ದು. ಅಲ್ಲಿ ಅದರ ಅರ್ಥ ಗಟ್ಟಿ, ಕಠಿಣ. ಮಜಾ ಕೂಡ ಪಾರ್ಸಿಯದ್ದು, ಅಲ್ಲಿ ರುಚಿ. ಅದನ್ನು ನಾವು ಯಾರೂ ಈಗ ಪರಭಾಷೆ ಅನ್ನುವುದಿಲ್ಲ.

ನಮ್ಮವರೂ ಪದ ಹುಟ್ಟಿಸುತ್ತಲೇ ಇದ್ದಾರೆ. 2019ರ ಉಪಚುನಾವಣೆಯ ಸಮಯ, ಬೆಳಗಾವಿ ಜಿಲ್ಲೆಯ ಕಾಗವಾಡದ ಕಡೆ ಸಿದ್ದರಾಮಯ್ಯನವರು ಭಾಷಣ ಮಾಡುತ್ತಿದ್ದಾಗ ಜನರ ನಡುವಿನಿಂದ ಒಬ್ಬರು ‘ಹೌದು ಹುಲಿಯಾ’ ಅಂದರು. ಒಂದೇ ವಾರದಲ್ಲಿ ಅದು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರ ಫೋನಿನಲ್ಲಿತ್ತು. 1999ರ ‘ಉಪೇಂದ್ರ’ ಚಿತ್ರದ ಹಾಡಿನ ‘ಕರಿಮಣಿ ಮಾಲೀಕ’ 25 ವರ್ಷ ಆದ ಮೇಲೆ, 2024ರಲ್ಲಿ ರೀಲ್ಸ್‌ಗಳಲ್ಲಿ ಎದ್ದು ಬಂದ. ಕೈ ತಪ್ಪಿದ ಪ್ರೀತಿಗೆಲ್ಲ ಅದೇ ಮಾತಾಯಿತು. ಒಬ್ಬರ ಬಾಯಿ, ಒಂದು ಗಳಿಗೆ, ಆಮೇಲೆ ಊರೆಲ್ಲ. ಬ್ರಾಂಕ್ಸ್‌ನಲ್ಲಿ ಆಗಿದ್ದೂ ಇದೇ.

ನನ್ನ ಚಿಂತೆ ಬೇರೆ ಕಡೆ ಇದೆ. ಮಕ್ಕಳು ಹತ್ತು ಹೊಸ ಪದ ಕಲಿತರೆ ಕನ್ನಡಕ್ಕೆ ಏನೂ ಆಗುವುದಿಲ್ಲ. ಆದರೆ ಅವರು ಓದುವ, ನಗುವ, ಅಳುವ ಕನ್ನಡ ಮನೆಯಲ್ಲಿ ಇರಬೇಕು. ಅಜ್ಜಿಯ ಹತ್ತಿರ ಮಾತಾಡೋಕೆ ಬಾಯಿ ಬರದೆ ಹೋದರೆ ಅದು ನಷ್ಟ. ‘ನೋ ಕ್ಯಾಪ್’ ಅಂದದ್ದಕ್ಕೆ ಅಲ್ಲ, ‘ಕಾಗೆ ಹಾರಿಸೋದು’ ಗೊತ್ತಿಲ್ಲದ್ದಕ್ಕೆ ನಾನು ಬೇಜಾರಾಗುತ್ತೇನೆ.

ಹಾಗಾಗಿ ನಿಲ್ಲಿಸಬೇಡಿ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ, ಹಿರಿಯರ ಮುಂದೆ ಇದು ಬೇಡ ಅಂತ ಹೇಳಿದರೆ ಸಾಕು, ಜಾಗ ನೋಡಿ ಮಾತಾಡುವುದು ಮಕ್ಕಳಿಗೆ ಬೇಗ ಬರುತ್ತದೆ. ಅವರ ಗೆಳೆಯರ ಮುಂದೆ ನೀವು ಈ ಪದಗಳನ್ನು ಬಳಸಲು ಹೋಗಬೇಡಿ. ಅದು ಅವರ ಅಂಗಳ. ಮನೆಯಲ್ಲಿ, ರೊಟ್ಟಿ ತಟ್ಟುವಾಗಲೋ ಬಟ್ಟೆ ಮಡಚುವಾಗಲೋ, ‘ಈ ಸಿಕ್ಸ್ ಸೆವೆನ್ ಮೊದಲು ಯಾರು ಹೇಳಿದ್ದು ಗೊತ್ತಾ ನಿಂಗೆ?’ ಅಂತ ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೆ ಈಗ ನಿಮಗೆ ಗೊತ್ತಿದೆ.

ಕೊನೆಗೆ ‘ಪೂಕಿ ಅಮ್ಮ’. ಪೂಕಿ ಅನ್ನೋದು ಅಮೆರಿಕದವರು ಪ್ರೀತಿಪಾತ್ರರನ್ನು ಮುದ್ದಾಗಿ ಕರೆಯುವ ಹಳೆಯ ಹೆಸರು. ನಮ್ಮ ಚಿನ್ನು, ಬಂಗಾರಿ, ಪುಟ್ಟಿ ಇದ್ದ ಹಾಗೆ. ಈಗ ಹುಡುಗಿಯರು ತಮಗೆ ತುಂಬ ಬೇಕಾದವರಿಗೆ ಹಾಗನ್ನುತ್ತಾರೆ. ಒಂದೇ ಎಚ್ಚರ, ಬಳ್ಳಾರಿ ಕೋಲಾರದ ಕಡೆ ತೆಲುಗು ಬಲ್ಲ ನೆಂಟರ ಮುಂದೆ ಜೋರಾಗಿ ಕರೆಯುವುದು ಬೇಡ ಅನ್ನಿ. ತೆಲುಗಿನಲ್ಲಿ ಹೆಚ್ಚುಕಡಿಮೆ ಹೀಗೇ ಕೇಳುವ ಒಂದು ಕೆಟ್ಟ ಬೈಗುಳ ಇದೆ. ಉಳಿದಂತೆ, ಮುಂದೆ ನಿಂತು ‘ಅಮ್ಮಾ, ನಿನ್ನ ಕಂಡ್ರೆ ಮುದ್ದು’ ಅನ್ನೋಕೆ ನಾಚಿಕೆಯಾಗಿ ನಿಮ್ಮ ಮಗಳು ಅದನ್ನು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಅಳಿಸು ಅನ್ನಬೇಡಿ.